ಇಪ್ಪತ್ತೆರಡು ಪಾದ

ನಮ್ಮ ಮನೆಯಲ್ಲಿ ಬಾಯಿ ಅಂದರೆ ನಾನು, ಕಾಲು ಅಂದರೆ ಅಕ್ಕ. ಇದು ಅಮ್ಮ ಮಾಡಿದ ವಿಂಗಡಣೆ. ಹಾಲು ತರುವುದಕ್ಕೆ, ಅಪ್ಪನ ಊಟದ ಡಬ್ಬಿ ಅಂಗಡಿಗೆ ಮುಟ್ಟಿಸುವುದಕ್ಕೆ ಅಕ್ಕನನ್ನು ಓಡಿಸುತ್ತಿದ್ದಳು. ತೂಕದಲ್ಲಿ ಮೋಸ ಮಾಡಿದ ತರಕಾರಿಯವನ ಹತ್ತಿರ ಜಗಳಕ್ಕೆ ನನ್ನನ್ನು ಕಳಿಸುತ್ತಿದ್ದಳು. "ಬಾಯಿದ್ದೋಳು ಬರಗಾಲದಲ್ಲೂ ಬದುಕ್ತಾಳೆ, ನಂಗೆ ನಿನ್ ಚಿಂತೆ ಇಲ್ಲ ಕಣೇ" ಎನ್ನುತ್ತಿದ್ದಳು. ಅವಳ ಮಾತು ಸುಳ್ಳಾಗಲಿಲ್ಲ, ನಾನು ಚೆನ್ನಾಗಿಯೇ ಬದುಕಿದೆ. ಆದರೆ ಬಾಯಿ ಬಿಡಲೇಬೇಕಾಗಿದ್ದ ಒಂದೇ ಒಂದು ದಿನ ಬಿಡಲಿಲ್ಲ. ಹತ್ತು ವರ್ಷ ದಾಟಿದೆ. ಈಗ ಬರೆಯುತ್ತಿರುವುದು ಅದನ್ನೇ.

ದೇವರಾಜ ಮೊಹಲ್ಲಾದಲ್ಲಿ, ಮಾರ್ಕೆಟ್ಟಿನ ಹೂವಿನ ಸಾಲಿಗೆ ನಾಲ್ಕು ಹೆಜ್ಜೆ ದೂರದಲ್ಲಿ ಅಪ್ಪನದು ವಿಭೂತಿ, ಕರ್ಪೂರ, ಊದುಬತ್ತಿ ಮಾರುವ ಅಂಗಡಿ. ಅಂಗಡಿಯ ಹಿಂದಿನ ಓಣಿಯಲ್ಲೇ ಮನೆ. ಹೂವಿನ ಸಾಲಿನಲ್ಲಿ ಒಬ್ಬಳು ಎತ್ತರದ ಹೆಂಗಸು ಕೂರುತ್ತಿದ್ದಳು. ಅಮ್ಮ ಬೇರೆ ಮೂರು ಅಂಗಡಿ ದಾಟಿ ಅವಳ ಹತ್ತಿರವೇ ಹೋಗುತ್ತಿದ್ದಳು, ಯಾಕೆಂದರೆ ಅವಳ ಕೈ ಉದ್ದ. ಅವಳ ಒಂದು ಮೊಳ ಮಲ್ಲಿಗೆ ಪಕ್ಕದವಳ ಒಂದೂಕಾಲು ಮೊಳಕ್ಕೆ ಸಮ. ಮೊಳ ಅಂದರೆ ಎಷ್ಟು ಉದ್ದ ಎಂದು ಯಾರಾದರೂ ಕೇಳಿದರೆ, ಕೈ ಯಾರದು ಎಂದು ನಾವು ಮರುಪ್ರಶ್ನೆ ಹಾಕುವಷ್ಟು ಇದು ನಮಗೆ ಚಿಕ್ಕಂದಿನಲ್ಲೇ ತಿಳಿದಿತ್ತು. ಇಂಥ ಮನೆಯಲ್ಲಿ ಬೆಳೆದವಳು ಅಳತೆಯಲ್ಲೇ ಎಡವಿದೆ.

ಅಕ್ಕ ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ಮಾತು ಕಡಿಮೆ. ಅವಳಿಗೆ ಇದ್ದದ್ದು ಒಂದೇ ಆಸೆ, ಪಿ.ಟಿ. ಟೀಚರ್ ಆಗಬೇಕು. ಬೇರೆ ಹುಡುಗಿಯರು ಮನೆಯಲ್ಲಿ ಗೊಂಬೆಗೆ ಸೀರೆ ಉಡಿಸಿ ಆಡುತ್ತಿದ್ದ ವಯಸ್ಸಿನಲ್ಲಿ ಇವಳು ಕುತ್ತಿಗೆಗೆ ಸೀಟಿ ನೇತು ಹಾಕಿಕೊಂಡು ಓಣಿಯ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸುತ್ತಿದ್ದಳು. ಎತ್ತರದವರು ಹಿಂದೆ, ಕುಳ್ಳರು ಮುಂದೆ. "ಏಕ್ ದೋ, ಏಕ್ ದೋ" ಎಂದು ಅವರನ್ನು ಅಪ್ಪನ ಅಂಗಡಿಯವರೆಗೂ ನಡೆಸಿಕೊಂಡು ಹೋಗುತ್ತಿದ್ದಳು. ಅಪ್ಪ ಗಲ್ಲಾಪೆಟ್ಟಿಗೆಯ ಹಿಂದೆ ಎದ್ದು ನಿಂತು ಸೆಲ್ಯೂಟ್ ಹೊಡೆಯುತ್ತಿದ್ದರು. ಸಾಲು ತಪ್ಪಿಸುತ್ತಿದ್ದವಳು ನಾನೊಬ್ಬಳೇ, ಅದಕ್ಕಾಗಿ ದಿನಾ ಶಿಕ್ಷೆ ಆಗುತ್ತಿತ್ತು.

ಅವಳ ಹಿಂದೆ ಓಡುತ್ತಲೇ ನಾನೂ ಬೆಳೆದೆ. ಇಬ್ಬರೂ ಒಂದೇ ಕಾಲೇಜು. ಅವಳು ಡಿಗ್ರಿಯ ಕೊನೆಯ ವರ್ಷಕ್ಕೆ ಬರುವ ಹೊತ್ತಿಗೆ ನಾನು ಮೊದಲ ವರ್ಷಕ್ಕೆ ಸೇರಿದೆ. ಆ ವರ್ಷ ಜಿಲ್ಲೆಯ ರಿಲೇ ತಂಡಕ್ಕೆ ಇಬ್ಬರೂ ಆಯ್ಕೆಯಾದೆವು. ನಾಲ್ಕು ಜನ, ತಲಾ ನೂರು ಮೀಟರ್. ಮೊದಲ ಎರಡು ಜಾಗ ಬೇರೆ ಕಾಲೇಜಿನ ಇಬ್ಬರು ಹುಡುಗಿಯರದು. ಮೂರನೆಯವಳು ಅಕ್ಕ, ಕೊನೆಯವಳು ನಾನು. ಮೂರನೆಯವಳು ತಿರುವಿನಲ್ಲಿ ಓಡಬೇಕು, ಅದು ಎಲ್ಲರಿಗೂ ಆಗುವ ಕೆಲಸ ಅಲ್ಲ. ಅಕ್ಕ ತಿರುವಿನಲ್ಲಿ ಓಡುವಾಗ ಭುಜ ಒಳಗೆ ಬಾಗುತ್ತಿತ್ತು, ಕಾಲು ಮಾತ್ರ ಗೆರೆ ಬಿಟ್ಟು ಕದಲುತ್ತಿರಲಿಲ್ಲ. ನಮ್ಮ ಮೇಷ್ಟ್ರು ಯಾರನ್ನೂ ಹೊಗಳಿದವರಲ್ಲ, ಮೈದಾನ ಏರುತಗ್ಗು ಎಂದು ದೂರಿದರೆ "ಕುಣೀಲಾರದೋಳು ನೆಲ ಡೊಂಕು ಅಂದ್ಳಂತೆ" ಎಂದು ಬೈಯುವವರು. ಅವರೂ ಅಕ್ಕ ತಿರುವು ಹಿಡಿದಾಗ ಸ್ಟಾಪ್‌ವಾಚ್ ನೋಡುವುದು ಬಿಟ್ಟು ಅವಳನ್ನೇ ನೋಡುತ್ತಿದ್ದರು.

ರಿಲೇ ಎಂದರೆ ಏನೆಂದು ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಬೇಟನ್, ಅಂದರೆ ಓಡುವವರು ಒಬ್ಬರಿಂದ ಒಬ್ಬರಿಗೆ ದಾಟಿಸುವ ಕೋಲು, ಕೈ ಬದಲಾಗಲು ಆಗ ಟ್ರ್ಯಾಕಿನ ಮೇಲೆ ಇಪ್ಪತ್ತು ಮೀಟರ್ ಜಾಗ ಗುರುತು ಮಾಡಿರುತ್ತಿದ್ದರು. ಅದರ ಒಳಗೇ ಕೊಡಬೇಕು, ಒಳಗೇ ತೆಗೆದುಕೊಳ್ಳಬೇಕು. ಆಚೆ ಹೋದರೆ ಇಡೀ ತಂಡ ಔಟ್. ತೆಗೆದುಕೊಳ್ಳುವವಳು ನಿಂತು ಕಾದರೆ ವೇಗ ಸತ್ತುಹೋಗುತ್ತದೆ, ಆದ್ದರಿಂದ ಅವಳು ಮುಂಚೆಯೇ ಓಡಲು ಶುರು ಮಾಡಬೇಕು. ಯಾವಾಗ ಶುರು ಮಾಡಬೇಕು ಎನ್ನುವುದಕ್ಕೆ ಅವಳೇ ಹಿಂದೆ ಒಂದು ಕಡೆ ನೆಲಕ್ಕೆ ಟೇಪ್ ಅಂಟಿಸಿಕೊಂಡಿರುತ್ತಾಳೆ. ಬರುವವಳ ಕಾಲು ಆ ಟೇಪ್ ದಾಟಿತೋ, ಇವಳು ತಿರುಗಿ ನೋಡದೆ ಹೊರಡಬೇಕು. ಆಮೇಲೆ ಕೂಗು ಕೇಳಿದಾಗ ಕೈ ಹಿಂದೆ ಚಾಚುವುದು, ಅಷ್ಟೇ.

ಆ ಟೇಪಿನ ದೂರವನ್ನು ನಾವು ಅಳೆಯುತ್ತಿದ್ದುದು ಪಾದದಿಂದ. ಹಿಮ್ಮಡಿಗೆ ಬೆರಳು ತಾಗಿಸಿ, ಒಂದು ಪಾದದ ಹಿಂದೆ ಇನ್ನೊಂದು ಪಾದ ಇಟ್ಟು ಎಣಿಸುವುದು. "ಪಾದ ನಿಂದೇ ಆಗಿರ್ಬೇಕು. ಇನ್ನೊಬ್ರ ಪಾದ ನಂಬಬ್ಯಾಡ" ಎನ್ನುತ್ತಿದ್ದರು ಮೇಷ್ಟ್ರು. ನಾನೂ ಅಕ್ಕನೂ ಎರಡು ತಿಂಗಳು, ಬೆಳಿಗ್ಗೆ ಆರಕ್ಕೆ, ಕಾಲೇಜಿನ ಮಣ್ಣಿನ ಮೈದಾನದಲ್ಲಿ ಇದನ್ನೇ ಮಾಡಿದೆವು. ಹದಿನೆಂಟು ಪಾದ ಇಟ್ಟರೆ ಅಕ್ಕ ನನಗೆ ಬಂದು ಢಿಕ್ಕಿ ಹೊಡೆಯುತ್ತಿದ್ದಳು. ಇಪ್ಪತ್ತೈದಿಟ್ಟರೆ ಅವಳ ಕೈಗೆ ನಾನು ಸಿಗುತ್ತಿರಲಿಲ್ಲ. ಇಪ್ಪತ್ತೆರಡಕ್ಕೆ ಸರಿಹೋಯಿತು. ಹಾಗೆ ಸರಿಯಾದ ಬೆಳಿಗ್ಗೆ ಬೇಟನ್ ನನ್ನ ಅಂಗೈಗೆ ಬಂದದ್ದೇ ನನಗೆ ಗೊತ್ತಾಗಲಿಲ್ಲ, ಅಷ್ಟು ಹಗುರವಾಗಿ ಬಂತು. ಅಕ್ಕ ಹಿಂದೆ ನಿಂತು ಏದುಸಿರು ಬಿಡುತ್ತಾ ನಗುತ್ತಿದ್ದಳು. "ಇಪ್ಪತ್ತೆರಡು. ನಿನ್ ಹೆಸರು ಮರೆತ್ರೂ ಇದನ್ನ ಮರೀಬೇಡ ಕಣೇ" ಎಂದಳು. ನಾವು ಅಭ್ಯಾಸ ಮಾಡಿದ್ದೆಲ್ಲ ಬರಿಗಾಲಿನಲ್ಲಿ.

ಅಕ್ಕನಿಗೆ ಆ ವರ್ಷದ ಕ್ರೀಡಾಕೂಟ ಯಾಕೆ ಅಷ್ಟು ಮುಖ್ಯ ಅಂದರೆ, ಪಿ.ಟಿ. ಟೀಚರ್ ಆಗಲು ಬಿ.ಪಿ.ಎಡ್. ಓದಬೇಕಿತ್ತು. ಅವಳ ಅಂಕಗಳಿಗೆ ಸೀಟು ಸಿಗುವಂತಿರಲಿಲ್ಲ. ರಾಜ್ಯಮಟ್ಟದಲ್ಲಿ ಓಡಿದ ಸರ್ಟಿಫಿಕೇಟ್ ಇದ್ದರೆ ಕ್ರೀಡಾ ಕೋಟಾದಲ್ಲಿ ಸಿಗುತ್ತಿತ್ತು. ದಸರೆಗೆ ಮುಂಚೆ ನಮ್ಮೂರಲ್ಲೇ ನಡೆಯುವ ವಿಭಾಗ ಮಟ್ಟದ ಕೂಟದಲ್ಲಿ ಮೊದಲ ಎರಡು ಜಾಗಕ್ಕೆ ಬಂದವರು ರಾಜ್ಯಮಟ್ಟಕ್ಕೆ ಹೋಗುತ್ತಾರೆ. ಅವಳದು ಕೊನೆಯ ವರ್ಷ. ಅಪ್ಪ ಒಳ್ಳೆಯವರೇ, ಬೇಡ ಎಂದವರಲ್ಲ. "ಸೀಟ್ ಸಿಕ್ರೆ ಓದು ಮಗಳೇ. ಸಿಗ್ಲಿಲ್ಲ ಅಂದ್ರೆ ಹೆಬ್ಬಾಳದ ಫ್ಯಾಕ್ಟರೀಲಿ ಕೆಲ್ಸ ಕೇಳಿ ಇಟ್ಟಿದೀನಿ" ಎಂದಿದ್ದರು. ಅಕ್ಕ ಹೂಂ ಎಂದಿದ್ದಳು.

ಕೂಟದ ದಿನ ಸ್ಟೇಡಿಯಂ ಜಾತ್ರೆಯಾಗಿತ್ತು. ಒಂದು ಮೂಲೆಯಲ್ಲಿ ಕಬಡ್ಡಿ, ಇನ್ನೊಂದು ಮೂಲೆಯಲ್ಲಿ ಕುಸ್ತಿ, ಗೋಡೆಯಾಚೆ ವಾಲಿಬಾಲ್. ಮೈಕಿನಲ್ಲಿ ಒಬ್ಬರು ಬಿಡುವಿಲ್ಲದೆ ಎಲ್ಲ ಆಟಗಳಿಗೂ ಸೇರಿಸಿ ಅರಚುತ್ತಿದ್ದರು, ಖೋ-ಖೋ ತಂಡವನ್ನು ಗುಂಡು ಎಸೆತಕ್ಕೂ ಕರೆದುಬಿಟ್ಟರು. ಬೆಳಿಗ್ಗೆ ಇನ್ನೂರು ಮೀಟರಿನಲ್ಲಿ ಅಕ್ಕ ಮೂರನೆಯವಳಾಗಿ ಬಂದಳು. ಕರಾವಳಿ ಕಡೆಯ ಇಬ್ಬರು ಹುಡುಗಿಯರು ಮುಂದೆ ಹೋದರು, ಎರಡನೆಯವಳಿಗೂ ಇವಳಿಗೂ ಇದ್ದದ್ದು ಒಂದು ಎದೆಯಷ್ಟು ಅಂತರ. ಅಕ್ಕ ಗೆರೆ ದಾಟಿ ಬಂದು ನನ್ನ ಪಕ್ಕ ಕೂತು ನೀರು ಕುಡಿದಳು. "ರಿಲೇ ಇದೆಯಲ್ಲ" ಎಂದಳು. ಉಳಿದದ್ದು ಅದೊಂದೇ ಎಂದು ಇಬ್ಬರಿಗೂ ಗೊತ್ತಿತ್ತು.

ರಿಲೇ ಯಾವಾಗಲೂ ಕೊನೆಗೆ. ಅಷ್ಟು ಹೊತ್ತಿಗೆ ಸಿಂಥೆಟಿಕ್ ಟ್ರ್ಯಾಕ್ ಕಾದು ದೋಸೆ ಕಾವಲಿಯಾಗಿತ್ತು. ಬರಿಗಾಲು ಇಡುವಂತಿರಲಿಲ್ಲ, ಅಲ್ಲದೆ ಉಳಿದ ತಂಡದವರೆಲ್ಲ ಅಡಿಯಲ್ಲಿ ಮುಳ್ಳಿರುವ ಸ್ಪೈಕ್ಸ್ ಶೂ ಹಾಕಿದ್ದರು. ನಮ್ಮಿಬ್ಬರಿಗೂ ಸೇರಿ ಇದ್ದದ್ದು ಒಂದೇ ಜೊತೆ. ಅದು ಅಕ್ಕನದು, ಹಳೆಯದು. ನಮ್ಮಿಬ್ಬರ ಕಾಲೂ ಒಂದೇ ಅಳತೆ. ಅವಳು ಅದನ್ನು ಬಿಚ್ಚಿ ನನ್ನ ಮುಂದಿಟ್ಟಳು. "ತಿರುವಲ್ಲಿ ಓಡೋಳು ನೀನು, ನಿಂಗೇ ಸರಿಯಾದ ಶೂ ಬೇಕು" ಎಂದು ನಾನು ಜಗಳ ಮಾಡಿ ವಾಪಸ್ ಕೊಟ್ಟೆ. ಆಗ ಅವಳು ಕ್ರೀಡಾ ಹಾಸ್ಟೆಲಿನ ಸ್ನೇಹಿತೆ ಒಬ್ಬಳ ಹತ್ತಿರ ಹೋಗಿ ಇನ್ನೊಂದು ಜೊತೆ ಬೇಡಿ ತಂದಳು. ಅದು ಎರಡು ಮೂರು ಸೈಜ್ ದೊಡ್ಡದು. ಅಕ್ಕ ತನ್ನ ಟವೆಲ್ ಹರಿದು, ಉಂಡೆ ಮಾಡಿ, ಬೆರಳಿನ ಕಡೆ ತುರುಕಿ, ಮಂಡಿಯೂರಿ ಕೂತು ನನ್ನ ಕಾಲಿಗೆ ಹಾಕಿ ಲೇಸ್ ಬಿಗಿದಳು. "ಬಿಗಿ ಇದೆಯಾ?" ಎಂದು ಮೂರು ಸಲ ಕೇಳಿದಳು. ಅವಳ ನಡುನೆತ್ತಿಯ ಬೈತಲೆಯಲ್ಲಿ ಬೆವರು ಇಳಿಯುತ್ತಿದ್ದುದು ನನಗೆ ಈಗಲೂ ಕಾಣುತ್ತದೆ.

ಮುಖ್ಯ ಅತಿಥಿಗಳು ಬರುವುದು ತಡವಾಗಿ, ಅವರು ಬಂದ ಮೇಲೆ ಎಲ್ಲವೂ ಗಡಿಬಿಡಿಯಾಯಿತು. ಒಂದು ಸಲವೂ ಅಭ್ಯಾಸದ ಓಟ ಓಡಲು ಬಿಡದೆ ನಮ್ಮನ್ನು ನಾಲ್ಕು ದಿಕ್ಕಿಗೆ ಓಡಿಸಿದರು. ತಪ್ಪನ್ನು ಅತಿಥಿಗಳ ತಲೆಗೆ ಕಟ್ಟಿ ನಾನು ಕೈ ತೊಳೆದುಕೊಳ್ಳಬಹುದಿತ್ತು, ಎಷ್ಟೋ ಸಲ ಮನಸ್ಸಿನಲ್ಲೇ ತೊಳೆದುಕೊಳ್ಳಲು ನೋಡಿದ್ದೇನೆ ಕೂಡ. ಆದರೆ ನಾನು ನನ್ನ ಜಾಗಕ್ಕೆ ಹೋದೆ. ನಿಂತು ಉಸಿರು ತೆಗೆದುಕೊಂಡೆ. ಹಿಮ್ಮಡಿಗೆ ಬೆರಳು ತಾಗಿಸಿ ಹಿಂದಕ್ಕೆ ಎಣಿಸುತ್ತಾ ಹೋದೆ. ಒಂದೂ ತಪ್ಪಲಿಲ್ಲ. ಇಪ್ಪತ್ತೆರಡು. ಬಗ್ಗಿ ಟೇಪ್ ಅಂಟಿಸಿ, ಏಳದ ಹಾಗೆ ಉಗುರಿನಿಂದ ಉಜ್ಜಿದೆ. ದೂರದಲ್ಲಿ, ತಿರುವಿನ ಆ ತುದಿಯಲ್ಲಿ ಅಕ್ಕ ಕೈ ಎತ್ತಿದಳು. ಎಲ್ಲ ಸರಿಯಾಗಿದೆ ಎಂದು ನಾನೂ ಕೈ ಎತ್ತಿದೆ.

ಓಟ ಶುರುವಾಯಿತು. ಮೊದಲ ಇಬ್ಬರು ಚೆನ್ನಾಗಿಯೇ ಓಡಿದರು, ಅಕ್ಕನ ಕೈಗೆ ಬೇಟನ್ ಬಂದಾಗ ನಾವು ನಾಲ್ಕನೆಯವರು. ಆಮೇಲೆ ತಿರುವು. ಅಕ್ಕ ಅವತ್ತು ಓಡಿದ ಹಾಗೆ ಯಾವತ್ತೂ ಓಡಿರಲಿಲ್ಲ. ಒಬ್ಬಳನ್ನು ದಾಟಿದಳು, ಇನ್ನೊಬ್ಬಳ ಪಕ್ಕಕ್ಕೆ ಬಂದಳು, ಅವಳನ್ನೂ ದಾಟಿದಳು. ಗ್ಯಾಲರಿಯಲ್ಲಿ ಊರಿನವರೆಲ್ಲ ಎದ್ದು ನಿಂತು ಕೂಗುತ್ತಿದ್ದರು. ನಾನು ಟೇಪ್ ಮೇಲೆ ಕಣ್ಣಿಟ್ಟಿದ್ದೆ. ಅವಳ ಕಾಲು ಟೇಪ್ ದಾಟಿತು. ನಾನು ಹೊರಟೆ.

"ತಗೋ!" ಎಂದು ಕೂಗು ಬಂತು. ಕೈ ಹಿಂದೆ ಚಾಚಿದೆ. ಏನೂ ಬರಲಿಲ್ಲ. ಎರಡು ಹೆಜ್ಜೆ, ಮೂರು ಹೆಜ್ಜೆ. ಬೇಟನ್ನಿನ ತುದಿ ಬೆರಳಿಗೆ ಒಂದು ಸಲ ತಾಗಿ ಜಾರಿತು. "ನಿಲ್ಲೇ, ನಿಲ್ಲೇ" ಎಂದು ಅಕ್ಕ ಕೂಗಿದಳು, ಅವಳ ಧ್ವನಿ ಒಡೆದಿತ್ತು. ನಾನು ವೇಗ ಇಳಿಸಿದೆ, ಬೇಟನ್ ಕೈಗೆ ಬಂತು, ಅದನ್ನು ಹಿಡಿದು ಹುಚ್ಚು ಹಿಡಿದವಳಂತೆ ಓಡಿದೆ. ಎರಡನೆಯವಳಾಗಿ ಗೆರೆ ದಾಟಿದೆ. ಅಪ್ಪ ಗ್ಯಾಲರಿಯಲ್ಲಿ ಎದ್ದು ನಿಂತು ಹಣೆಗೆ ಕೈಯಿಟ್ಟು ಹಳೆಯ ಸೆಲ್ಯೂಟ್ ಹೊಡೆಯುತ್ತಿದ್ದರು. ಅರ್ಧ ನಿಮಿಷ ನಾವು ಗೆದ್ದಿದ್ದೆವು. ಆಮೇಲೆ ಹಿಂತಿರುಗಿ ನೋಡಿದರೆ, ನಾನು ಬೇಟನ್ ತೆಗೆದುಕೊಂಡ ಜಾಗದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ತೀರ್ಪುಗಾರರು ಬಾವುಟ ಎತ್ತಿದ್ದರು. ಗೆರೆಯಿಂದ ಒಂದು ಹೆಜ್ಜೆ ಆಚೆ ಕೈ ಬದಲಾಗಿತ್ತು. ಅವರು ಸರಿಯಾಗಿಯೇ ನೋಡಿದ್ದರು.

ಶಾಮಿಯಾನದ ಕೆಳಗೆ ನಾಲ್ವರೂ ಕೂತೆವು. ಮೇಷ್ಟ್ರು ಬಂದು ನಿಂತರು. "ಏನ್ರಮ್ಮ ಆಯ್ತು?" ಎಂದರು.

ನಾನು ಶೂ ಬಿಚ್ಚುತ್ತಿದ್ದೆ. ಟವೆಲ್ಲಿನ ಉಂಡೆ ಕೆಳಗೆ ಬಿತ್ತು. ನನ್ನ ಪಾದವನ್ನು ಶೂ ಪಕ್ಕ ಇಟ್ಟೆ. ಹಿಮ್ಮಡಿ ಹಿಮ್ಮಡಿ ಸಮ ಇತ್ತು, ಮುಂದೆ ಶೂ ನನ್ನ ಹೆಬ್ಬೆರಳಿಗಿಂತ ಎರಡು ಬೆರಳಗಲ ಆಚೆ ಹೋಗಿತ್ತು. ಎರಡು ಬೆರಳು, ಇಪ್ಪತ್ತೆರಡು ಸಲ. ಲೆಕ್ಕ ನನಗೆ ಯಾವತ್ತೂ ಬರುತ್ತಿರಲಿಲ್ಲ, ಆ ಕ್ಷಣ ಮಾತ್ರ ಥಟ್ಟನೆ ಬಂತು. ಟೇಪ್ ಇರಬೇಕಾದ ಜಾಗಕ್ಕಿಂತ ಹೆಚ್ಚುಕಡಿಮೆ ಎರಡು ಮೊಳ ಹಿಂದೆ ಇತ್ತು. ನಾನು ಅಷ್ಟು ಮುಂಚೆ ಹೊರಟಿದ್ದೆ. ಅಕ್ಕನ ಕಾಲಿಗೆ ಏನೂ ಆಗಿರಲಿಲ್ಲ.

ಅಷ್ಟರಲ್ಲಿ ಅಕ್ಕ ಎದ್ದು ನಿಂತಿದ್ದಳು. "ಕೊನೇಲಿ ನಂಗೆ ಕಾಲೇ ಬರ್ಲಿಲ್ಲ ಸಾರ್. ತಪ್ಪು ನಂದೇ" ಎಂದಳು.

ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. "ತಿರುವಲ್ಲಿ ನಿನ್ನ ನಂಬಿದ್ದೆ ಕಣಮ್ಮ" ಎಂದಷ್ಟೇ ಹೇಳಿ ಹೊರಟುಹೋದರು. ಉಳಿದಿಬ್ಬರು ಹುಡುಗಿಯರಲ್ಲಿ ಒಬ್ಬಳು ಬಿಕ್ಕಿ ಬಿಕ್ಕಿ ಅಳುತ್ತಾ, "ಆಗ್ದಿದ್ರೆ ಮೊದ್ಲೇ ಹೇಳ್ಬೇಕಿತ್ತು ನೀವು, ನಮ್ದೂ ಹಾಳಾಯ್ತು" ಎಂದು ಅಕ್ಕನಿಗೆ ಅಂದಳು. ಅಕ್ಕ ತಲೆ ತಗ್ಗಿಸಿ ಅದನ್ನೂ ಕೇಳಿಸಿಕೊಂಡಳು. ನಾನು, ತರಕಾರಿಯವನನ್ನು ಅಳಿಸಿ ಬರುತ್ತಿದ್ದವಳು, ಕೈಯಲ್ಲಿ ಟವೆಲ್ಲಿನ ಉಂಡೆ ಹಿಡಿದುಕೊಂಡು ಸುಮ್ಮನೆ ಕೂತಿದ್ದೆ. ಇನ್ನೊಂದು ನಿಮಿಷ ಬಿಟ್ಟು ಹೇಳೋಣ ಎಂದುಕೊಂಡೆ. ಆ ಹುಡುಗಿ ಅಳು ನಿಲ್ಲಿಸಲಿ ಎಂದುಕೊಂಡೆ. ಮನೆಗೆ ಹೋದ ಮೇಲೆ ಎಂದುಕೊಂಡೆ. ನನಗೆ ಭಯವಾಗಿತ್ತು, ನಾಚಿಕೆಯೂ ಆಗಿತ್ತು, ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ನನ್ನ ಹತ್ತಿರ ಇರಲಿಲ್ಲ.

ಮನೆಯಲ್ಲಿ ಅಮ್ಮ ಶಾವಿಗೆ ಪಾಯಸ ಮಾಡಿಟ್ಟಿದ್ದಳು. "ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ವಲ್ಲೇ" ಎಂದು ಬಾಗಿಲಲ್ಲೇ ಕೂತುಬಿಟ್ಟಳು. ಅಪ್ಪ "ಓಗ್ಲಿ ಬುಡು" ಎಂದರು. ಅಪ್ಪ ಹಾಗೆ ಹಕಾರ ನುಂಗಿ ಮಾತಾಡುವುದು ತೀರಾ ದುಃಖವಾದಾಗ ಮಾತ್ರ. ಅಕ್ಕ ಅವರಿಗೂ ಅದನ್ನೇ ಹೇಳಿದಳು, ತನಗೇ ಓಡಲಾಗಲಿಲ್ಲ ಅಂತ. ಪಾಯಸ ಯಾರೂ ಮುಟ್ಟಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಅಕ್ಕ ಎರವಲು ತಂದ ಶೂ ತೊಳೆದು ಹಾಸ್ಟೆಲ್ ಹುಡುಗಿಗೆ ಕೊಟ್ಟು ಬರುತ್ತೇನೆಂದು ಹೋದಳು. ಬರಲು ತಡವಾಯಿತು. ಬಂದವಳು ತನ್ನ ಹಳೆಯ ಸ್ಪೈಕ್ಸ್ ತೆಗೆದು ನನ್ನ ಮುಂದಿಟ್ಟಳು. "ಇನ್ಮೇಲೆ ನೀನೇ ಹಾಕ್ಕೋ" ಎಂದಳು. ಆಮೇಲೆ ಅವಳು ಯಾವತ್ತೂ ಓಡಲಿಲ್ಲ. ಸೀಟಿಗೆ ಅರ್ಜಿಯೇನೋ ಹಾಕಿದಳು. ಸಿಗಲಿಲ್ಲ. ಪರೀಕ್ಷೆ ಮುಗಿದ ತಿಂಗಳೇ ಹೆಬ್ಬಾಳದ ಫ್ಯಾಕ್ಟರಿಗೆ ಸೇರಿದಳು. ಬೆಳಗಿನ ಪಾಳಿಗೆ ಐದೂವರೆಗೆ ಬಸ್ಸು ಬರುತ್ತಿತ್ತು. ನಾನು ಅವಳ ಶೂ ಹಾಕಿಕೊಂಡು ಅಭ್ಯಾಸಕ್ಕೆ ಹೋಗುವಾಗ ಅವಳು ಬಸ್‌ಸ್ಟಾಪಿನಲ್ಲಿ ಕುತ್ತಿಗೆಗೆ ಕಂಪನಿಯ ಕಾರ್ಡ್ ನೇತು ಹಾಕಿಕೊಂಡು ನಿಂತಿರುತ್ತಿದ್ದಳು. ನಾನು ಕೈ ಎತ್ತುತ್ತಿದ್ದೆ. ಅವಳೂ ಎತ್ತುತ್ತಿದ್ದಳು.

ಮುಂದಿನ ವರ್ಷ ಅದೇ ಕೂಟದಲ್ಲಿ ನಮ್ಮ ತಂಡ ಗೆದ್ದಿತು. ನಾನು ಟೇಪ್ ಅಂಟಿಸುವ ಮುಂಚೆ ಎರಡೆರಡು ಸಲ ಅಳೆದಿದ್ದೆ. ರಾಜ್ಯಮಟ್ಟಕ್ಕೆ ಹೊರಟ ದಿನ ಅಕ್ಕ ರಜೆ ಹಾಕಿ ರೈಲ್ವೆ ಸ್ಟೇಷನ್ನಿಗೆ ಬಂದಿದ್ದಳು. ನಾನು ಕಿಟಕಿ ಪಕ್ಕ ಕೂತೆ. ಅವಳು ಹೊರಗೆ ಕಂಬಿ ಹಿಡಿದು ನಿಂತಳು. "ಏನಾದ್ರೂ ಹೇಳೋದಿದೆಯಾ?" ಎಂದಳು. ನಾನು ಇಡ್ಲಿಗೆ ಅಮ್ಮ ಚಟ್ನಿ ಕಡಿಮೆ ಹಾಕಿದ್ದಾಳೆ ಎಂದು ದೂರು ಹೇಳಿದೆ, ಮೇಷ್ಟ್ರ ಹೊಸ ಟೋಪಿಯ ಬಗ್ಗೆ ಲೇವಡಿ ಮಾಡಿದೆ, ಬಾಯಿಗೆ ಬಂದದ್ದೆಲ್ಲ ಆಡಿದೆ. ರೈಲು ಹೊರಡುವವರೆಗೂ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ತಂಗಿ ದೂರ ಹೊರಟಿದ್ದಾಳೆಂದು ಹಾಗೆ ನೋಡುತ್ತಿದ್ದಾಳೆ ಎಂದುಕೊಂಡಿದ್ದೆ.

ಆ ಸರ್ಟಿಫಿಕೇಟಿನಿಂದ ಬಿ.ಪಿ.ಎಡ್. ಸೀಟು ಸಿಕ್ಕಿತು. ನನಗೆ. ನಾನು ಪಿ.ಟಿ. ಟೀಚರ್ ಆದೆ. ನಾನೇನೂ ಅದಾಗಬೇಕು ಎಂದು ಯಾವತ್ತೂ ಆಸೆಪಟ್ಟವಳಲ್ಲ. ಜಯಲಕ್ಷ್ಮಿಪುರಂ ಕಡೆಯ ಒಂದು ಹೈಸ್ಕೂಲಿನಲ್ಲಿ ಈಗ ದಿನಾ ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತೇನೆ. ಎತ್ತರದವರು ಹಿಂದೆ, ಕುಳ್ಳರು ಮುಂದೆ. ಕೆಲಸಕ್ಕೆ ಸೇರಿದ ದಿನ ಅಕ್ಕ ಉಡುಗೊರೆಯಾಗಿ ಕೊಟ್ಟಿದ್ದು ಒಂದು ಸ್ಟೀಲಿನ ಸೀಟಿ. ಅದನ್ನು ಊದಿದಾಗಲೆಲ್ಲ ಇದು ಅವಳ ಬಾಯಲ್ಲಿರಬೇಕಿತ್ತು ಎಂದು ಅನ್ನಿಸುತ್ತದೆ. ಹಬ್ಬ ಬಂತು, ಅಪ್ಪನಿಗೆ ಹುಷಾರು ತಪ್ಪಿ ಸರಿಹೋಯಿತು, ಅಕ್ಕ ಮದುವೆಯಾಗಿ ಹೆಬ್ಬಾಳದ ಹತ್ತಿರವೇ ಮನೆ ಮಾಡಿದಳು. ಹೇಳಬೇಕೆಂದು ಎಷ್ಟು ಸಲ ಅವಳ ಅಡುಗೆಮನೆಯವರೆಗೂ ಹೋಗಿ, ಕಾಫಿ ಕುಡಿದು, ಅವರಿವರ ಮನೆ ಮಾತಾಡಿ ಎದ್ದು ಬಂದಿದ್ದೇನೋ.

ಹೋದ ವರ್ಷ ಅದೇ ಕೂಟಕ್ಕೆ ನನ್ನ ಶಾಲೆಯ ನಾಲ್ಕು ಹುಡುಗಿಯರು ರಿಲೇಗೆ ಆಯ್ಕೆಯಾದರು. ಆ ದಿನ ಮಕ್ಕಳ ಚೆಸ್ಟ್ ನಂಬರಿನ ಚೀಲವನ್ನೂ ನನ್ನ ಊಟದ ಡಬ್ಬಿಯನ್ನೂ ಮನೆಯಲ್ಲೇ ಬಿಟ್ಟು ಬಂದಿದ್ದೆ. ಅಮ್ಮನಿಗೆ ಫೋನ್ ಮಾಡಿದೆ. ಅಕ್ಕ ಮಧ್ಯಾಹ್ನದ ಪಾಳಿಗೆ ಹೋಗುವ ಮುಂಚೆ ಅಮ್ಮನನ್ನು ನೋಡಲು ಬಂದಿದ್ದಳಂತೆ, ಅಮ್ಮ ಅವಳ ಕೈಯಲ್ಲೇ ಕಳಿಸಿದಳು. ಆ ಸ್ಟೇಡಿಯಮ್ಮಿಗೆ ಅಕ್ಕ ಅಷ್ಟು ವರ್ಷ ಕಾಲಿಟ್ಟಿರಲಿಲ್ಲ. ಗೇಟಿನಲ್ಲೇ ಕೊಟ್ಟು ಹೋಗುತ್ತಾಳೆ ಎಂದುಕೊಂಡಿದ್ದೆ. ಅವಳು ಒಳಗೆ ಬಂದು, ಟ್ರ್ಯಾಕಿನ ಪಕ್ಕದ ಗ್ಯಾಲರಿಯ ಮೊದಲ ಮೆಟ್ಟಿಲ ಮೇಲೆ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಳು.

ಅವಳು ಕೂತ ಜಾಗದ ಎದುರಿಗೇ ನನ್ನ ಹುಡುಗಿ, ಕೊನೆಯ ಓಟದವಳು, ಪಾದ ಎಣಿಸುತ್ತಿದ್ದಳು. ಕಾಲಲ್ಲಿ ಸ್ಪೈಕ್ಸ್ ಇತ್ತು. ನಾನು ಯಾವಾಗಲೂ ಕೂಗುವಂತೆ ಕೂಗಿದೆ. "ಶೂ ಬಿಚ್ಚೇ! ಎಷ್ಟ್ ಸಲ ಹೇಳೋದು, ಬರಿಗಾಲಲ್ಲಿ ಅಳೆ!"

"ಯಾಕೆ ಮಿಸ್? ಬೇರೆ ಟೀಮ್ನೋರೆಲ್ಲ ಶೂ ಹಾಕ್ಕೊಂಡೇ ಅಳೀತಿದಾರೆ" ಎಂದಳು ಹುಡುಗಿ.

"ಹೇಳಿದಷ್ಟು ಮಾಡು" ಎಂದೆ.

ಹಿಂದಿನಿಂದ ಅಕ್ಕ ಮೆಲ್ಲಗೆ ಹೇಳಿದಳು. "ಮಗು ಕೇಳ್ತಿದೆಯಲ್ಲ. ಯಾಕೆ ಅಂತ ಹೇಳೇ."

ನಾನು ತಿರುಗಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ, ಹುಡುಗಿಯ ಶೂ ನೋಡುತ್ತಿದ್ದಳು. ಹುಡುಗಿಗೆ "ಶೂ ಸೈಜ್ ಬೇರೆ ಬೇರೆ ಇರುತ್ತೆ, ಅದಕ್ಕೆ" ಎಂದು ಅರ್ಧ ಸತ್ಯ ಹೇಳಿ, ಹೋಗಿ ಅಕ್ಕನ ಪಕ್ಕ ಕೂತೆ.

"ಯಾವಾಗಿಂದ ಗೊತ್ತು ನಿಂಗೆ?"

"ಶೂ ವಾಪಸ್ ಕೊಡೋಕೆ ಓದೋಳು ನಾನಲ್ವ" ಎಂದಳು ಅಕ್ಕ, ಅಪ್ಪನ ಹಾಗೆಯೇ ಹಕಾರ ನುಂಗಿ. "ಕೊಡೋಕೆ ಮುಂಚೆ ಕಾಲೇಜ್ ಗ್ರೌಂಡ್‌ಗೆ ಹೋದೆ. ನನ್ ಕಾಲು ಯಾಕೆ ಬರ್ಲಿಲ್ಲ ಅಂತ ರಾತ್ರಿಯೆಲ್ಲ ತಲೆ ಕೆಡಿಸ್ಕೊಂಡಿದ್ದೆ. ನಿಂದೂ ನಂದೂ ಒಂದೇ ಪಾದ. ಬರಿಗಾಲಲ್ಲಿ ಒಂದ್ಸಲ ಅಳ್ದೆ, ಆ ಶೂ ಹಾಕ್ಕೊಂಡು ಒಂದ್ಸಲ ಅಳ್ದೆ."

"ಮೇಷ್ಟ್ರಿಗೆ ತಪ್ಪು ನಂದೇ ಅಂತ ಹೇಳ್ದಾಗ..."

"ಆಗ ಗೊತ್ತಿರ್ಲಿಲ್ಲ ಕಣೇ. ನಿಜವಾಗ್ಲೂ ನಂದೇ ಅನ್ಕೊಂಡಿದ್ದೆ." ಅವಳು ಚೀಲದ ಬಾಯಿಯ ದಾರ ಬಿಗಿಮಾಡಿ ಮತ್ತೆ ಸಡಿಲ ಮಾಡಿದಳು. "ನಿಂಗೆ ಗೊತ್ತಿತ್ತು ಅಲ್ವ ಆಗ? ನೀನು ಟವೆಲ್ ಉಂಡೆ ಹಿಡ್ಕೊಂಡು ಕೂತಿದ್ದೆ. ಅದನ್ನೂ ಆಮೇಲೆ ನೆನಪು ಮಾಡ್ಕೊಂಡೆ."

ಹೌದೆಂದು ತಲೆಯಾಡಿಸಿದೆ.

"ಗೊತ್ತಿದ್ದೂ ಯಾಕೆ ನನ್ನ ಕೇಳ್ಲಿಲ್ಲ ನೀನು? ಬಯ್ಯಬಹುದಿತ್ತಲ್ಲ, ಹೊಡೀಬಹುದಿತ್ತಲ್ಲ" ಎಂದೆ. ತಪ್ಪು ಮಾಡಿದವಳೇ ಜಗಳಕ್ಕೆ ನಿಂತ ಹಾಗಿತ್ತು ನನ್ನ ಧ್ವನಿ.

"ನೀನೇ ಹೇಳ್ತೀಯ ಅಂತ ಕಾದೆ. ಅವತ್ತು ಹೇಳ್ತೀಯ, ನಾಳೆ ಹೇಳ್ತೀಯ ಅಂತ. ಫ್ಯಾಕ್ಟರಿಗೆ ಸೇರೋ ದಿನ ಹೇಳ್ತೀಯ ಅನ್ಕೊಂಡೆ. ಸ್ಟೇಟ್‌ಗೆ ಹೋಗೋ ದಿನ ಸ್ಟೇಷನ್ನಿಗೆ ಅದಕ್ಕೇ ಬಂದಿದ್ದು. ನೀನು ಚಟ್ನಿ ವಿಷ್ಯ ಹೇಳ್ದೆ. ರೈಲು ಹೊರಡ್ತು. ಆಮೇಲೆ ಕಾಯೋದು ಬುಟ್‌ಬುಟ್ಟೆ" ಎಂದಳು.

ಎದುರಿಗೆ ಹುಡುಗಿ ಒಂದು ಪಾದದ ಹಿಂದೆ ಇನ್ನೊಂದು ಪಾದ ಇಟ್ಟು, ತುಟಿ ಅಲ್ಲಾಡಿಸುತ್ತಾ ಎಣಿಸುತ್ತಿದ್ದಳು. ಹತ್ತು ವರ್ಷದಿಂದ ನಾಲಗೆಯ ತುದಿಯಲ್ಲಿದ್ದ ಮಾತನ್ನು ಕೊನೆಗೂ ಹೇಳಿದೆ.

"ತಪ್ಪು ನಂದೇ ಅಕ್ಕ."

"ಆ ಮಾತು ಅವತ್ತೇ ನಾನು ಹೇಳಾಯ್ತಲ್ಲ" ಎಂದಳು ಅವಳು.

ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಅವಳ ಕಾಲು ಹಿಡಿದುಕೊಳ್ಳುತ್ತಿದ್ದೆನೇನೋ. ಅವಳು ವಾಚ್ ನೋಡಿಕೊಂಡಳು, ಒಂದೂವರೆಗೆ ಪಾಳಿಯ ಬಸ್ಸು. ಚೀಲದಿಂದ ಡಬ್ಬಿ ತೆಗೆದು, ಎರಡನ್ನೂ ನನ್ನ ಪಕ್ಕ ಇಟ್ಟಳು. "ಚಿತ್ರಾನ್ನ ಇದೆ. ಡಬ್ಬಿ ಮರೀದೆ ವಾಪಸ್ ತಗೊಂಡ್ಬಾ, ಅಮ್ಮ ಕೇಳ್ತಾಳೆ" ಎಂದಳು. ಎದ್ದು, ಟ್ರ್ಯಾಕಿನ ಅಂಚು ಹಿಡಿದು ಗೇಟಿನ ಕಡೆ ಹೊರಟಳು. ಅಲ್ಲಿ ತಿರುವು ಇತ್ತು. ಅವಳ ಎಡ ಭುಜ ಸ್ವಲ್ಪ ಒಳಕ್ಕೆ ಬಾಗಿತು. ಅವಳಿಗೆ ಅದು ಗೊತ್ತಿತ್ತೋ ಇಲ್ಲವೋ.

"ಅವ್ರು ಯಾರು ಮಿಸ್?" ಎಂದು ಹುಡುಗಿ ಕೇಳಿದಳು.

"ನಮ್ಮಕ್ಕ."

"ಅವ್ರೂ ಓಡ್ತಿದ್ರಾ?"

ಹೂಂ ಎಂದೆ. ಬಿಸಿಲಿಗೆ ಕಾದ ಟ್ರ್ಯಾಕಿನ ಮೇಲೆ ಹುಡುಗಿ ಬರಿಗಾಲಲ್ಲಿ ನಿಂತು ಕಾಲು ಬದಲಿಸುತ್ತಿದ್ದಳು. ಮೊದಲು ಶೂ ಹಾಕಿಕೋ ಎಂದೆ. ಆಮೇಲೆ ಟೇಪಿನ ಪಕ್ಕ ಅವಳನ್ನು ಕೂರಿಸಿಕೊಂಡು, ಬರಿಗಾಲಲ್ಲಿ ಯಾಕೆ ಅಳೆಯಬೇಕು ಎಂದು ಮೊದಲಿನಿಂದ ಕೊನೆಯವರೆಗೂ ಹೇಳಿದೆ, ಏನನ್ನೂ ಬಿಡದೆ. ನಾನು ಹೇಳಿ ಮುಗಿಸುವಷ್ಟರಲ್ಲಿ ಅಕ್ಕನ ಬಸ್ಸು ಹೋಗಿತ್ತು.